ಬುಧವಾರದ ಜಮಖಾನ

ನಾನೊಂದು ಜಮಖಾನ. ಹುಟ್ಟಿದ್ದು ನವಲಗುಂದದ ಒಂದು ಮನೆಯ ಪಡಸಾಲೆಯಲ್ಲಿ. ನಿಲುವು ಮಗ್ಗದ ಮುಂದೆ ಜೈನಾಬಿ, ಅವಳ ನಾದಿನಿ ಕೂತು, ಊರ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತ ನನ್ನನ್ನು ನೇಯ್ದರು. ಕೆಂಪು ನೆಲ, ನಡುವೆ ಜೋಡಿ ನವಿಲು.

ಮೊದಲು ವಕೀಲರೊಬ್ಬರ ಮನೆಯಲ್ಲಿದ್ದೆ. ಹಬ್ಬಕ್ಕೊಮ್ಮೆ, ಸೀಮಂತಕ್ಕೊಮ್ಮೆ ಹಾಸುತ್ತಿದ್ದರು. ಉಳಿದ ದಿನ ಅಟ್ಟದ ಮೇಲೆ ಸುರುಳಿ. ಆ ಮನೆಯ ಸೊಸೆ ಅನುಸೂಯಾಬಾಯಿ ಮಾನಸಿಕ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಪ್ರತಿ ಬುಧವಾರ ಅಲ್ಲಿ ಹೆಂಗಸರನ್ನು ಗುಂಪಾಗಿ ಕೂರಿಸಿ ಮಾತಾಡಿಸುತ್ತಿದ್ದರು. ಕುರ್ಚಿಯ ಮೇಲೆ ಕೂತರೆ ಯಾರೂ ಬಾಯಿ ಬಿಡುವುದಿಲ್ಲವೆಂದು ಒಂದು ದಿನ ನನ್ನನ್ನು ರಿಕ್ಷಾದಲ್ಲಿ ಹೇರಿಕೊಂಡು ಹೋದರು. ನೆಲಕ್ಕೆ ಹಾಸಿದ್ದೇ ತಡ, ಎಲ್ಲರೂ ಚಪ್ಪಲಿ ಕಳಚಿ ಕಾಲು ಚಾಚಿದರು. ಮಾತೂ ಬಂತು. ಅಂದಿನಿಂದ ನಾನು ಅಲ್ಲೇ ಉಳಿದೆ.

ನನಗೆ ಜನರ ಗುರುತು ಕೆಳಗಿನಿಂದಲೇ. ಬಿರುಕುಬಿಟ್ಟ ಹಿಮ್ಮಡಿಯವಳು ಕಾಶವ್ವ. ಖಾನಾವಳಿಗೆ ರೊಟ್ಟಿ ಬಡಿದು ಇಬ್ಬರು ಮಕ್ಕಳನ್ನು ಸಾಕುವವಳು. ಹಿಂದೊಮ್ಮೆ ವಾರಗಟ್ಟಲೆ ನಿದ್ದೆಯಿಲ್ಲದೆ, ದೇವರು ತನ್ನೊಡನೆ ಮಾತಾಡುತ್ತಾನೆಂದು ಬೀದಿ ಬೀದಿ ಅಲೆದಾಗ ಅವಳ ತಮ್ಮ ಇಲ್ಲಿಗೆ ಕರೆತಂದಿದ್ದ. ಗುಳಿಗೆಯಿಂದ ನಿದ್ದೆ ಮರಳಿತು, ಗುಂಪಿನಲ್ಲಿ ಕೂತು ನಾಚಿಕೆ ಹೋಯಿತು. ಆದರೆ ಅದೇ ಗುಳಿಗೆಯಿಂದ ಕೈ ನಡುಗಲು ಶುರುವಾಯಿತು. ಆ ಕೈಗಳನ್ನು ಅವಳು ನನ್ನ ಅಂಚಿನಡಿ ತೂರಿಸಿ ಕೂರುತ್ತಿದ್ದಳು.

ಒಂದು ಬುಧವಾರ ಕೈ ಮೇಲೆಯೇ ಇತ್ತು, ನಡುಕವಿಲ್ಲದೆ. ನಾನು ಹಿಗ್ಗಿದೆ, ಪೆದ್ದು ಬಟ್ಟೆ. ಮುಂದಿನ ವಾರ ಅವಳು ಕೂತಲ್ಲಿ ಕೂರಲಿಲ್ಲ. ಎಲ್ಲರ ಮಾತು ಕಸಿದು ತಾನೊಬ್ಬಳೇ ಆಡಿದಳು. ಬಳೆಯಂಗಡಿಯ ಮಾಬುಬಿ ಪಕ್ಕದಲ್ಲಿದ್ದಳು. ಅವಳೂ ಅದೇ ಗುಳಿಗೆ ನುಂಗುವವಳು. ಕಾಶವ್ವನ ಕೈ ಹಿಡಿದು ನೋಡಿದಳು.

"ಯಕ್ಕಾ, ನನ್ನ ಕೈ ಇನ್ನೂ ನಡಗತೈತಿ. ನಿಂದು ಹ್ಯಾಂಗ ನಿಂತಿತು? ಗುಳಿಗಿ ಬಿಟ್ಟಿ, ಹೌದಿಲ್ಲೋ?"

ಕಾಶವ್ವ ಸಿಡುಕಿದಳು. ಇಲ್ಲಿಗೆ ಬಂದು ಮಾತಾಡುತ್ತೇನಲ್ಲ, ಅಷ್ಟು ಸಾಲದೇ ಎಂದಳು. ಮಾಬುಬಿ ಕೈ ಬಿಡಲಿಲ್ಲ. ಕಡೆಗೆ ತಗ್ಗಿದ ದನಿಯಲ್ಲಿ ನಿಜ ಬಂತು.

"ಕೈ ನಡಗಿದ್ರ ರೊಟ್ಟಿ ಹರೀತಾವ ತಂಗೀ. ಖಾನಾವಳಿಯಾಂವ ನಾಳೆ ಬರಬ್ಯಾಡ ಅಂದ್ರ ಮಕ್ಕಳಿಗೆ ಏನ ಹಾಕ್ಲಿ?"

ಯಾರೂ ಬೈಯಲಿಲ್ಲ. ಡಾಕ್ಟರಿಗೆ ಇದನ್ನು ಹೇಳಿದ್ದೀರಾ ಎಂದು ಅನುಸೂಯಾಬಾಯಿ ಕೇಳಿದರು.

"ಅಷ್ಟ ದೊಡ್ಡವರ ಮುಂದ ರೊಟ್ಟಿ ಮಾತ ಹ್ಯಾಂಗ ಆಡ್ಲಿ, ಬಾಯೀ?"

ಅವತ್ತೇ ಮಾಬುಬಿ ಅವಳನ್ನು ಡಾಕ್ಟರ ಬಳಿ ಕರೆದೊಯ್ದಳು. ಅವರು ರೊಟ್ಟಿಯ ಮಾತನ್ನು ಪೂರ್ತಿ ಕೇಳಿದರಂತೆ. ರಕ್ತ ಪರೀಕ್ಷೆ ಮಾಡಿಸಿ ಗುಳಿಗೆಯ ಪ್ರಮಾಣ ಬದಲಿಸಿದರು, ನಡುಕಕ್ಕೆ ಬೇರೊಂದು ಕೊಟ್ಟರು. ನಡುಕ ತಗ್ಗಿತು, ಪೂರ್ತಿ ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಕಾಶವ್ವ ಗುಂಪಿಗೆಲ್ಲ ರೊಟ್ಟಿ ಕಟ್ಟಿಕೊಂಡು ಬಂದಳು. ಖಾನಾವಳಿಯವನು ಏನಂದ ಎಂದು ಎಲ್ಲರೂ ಕೇಳಿದರು.

"ಅಂಚು ಸೊಟ್ಟ ಅದಾವ ಅಂದ. ರುಚಿನೂ ಸೊಟ್ಟ ಐತೇನು ಅಂತ ಕೇಳೀನಿ. ಸುಮ್ಮನ ಎಣಿಸಿಕೊಂಡ."

ಈಗ ನಾನು ಹಳಬ. ನವಿಲುಗಳ ಬಣ್ಣ ಮಾಸಿದೆ. ಹೊಸ ಜಮಖಾನ ಬಂದ ಮೇಲೆ ನನ್ನನ್ನು ಮಡಿಚಿ ಮೂಲೆಗಿಟ್ಟಿದ್ದಾರೆ. ಕಾಶವ್ವ ಬುಧವಾರ ಬೇಗನೆ ಬಂದು, ನನ್ನನ್ನೇ ದಿಂಬು ಮಾಡಿಕೊಂಡು ಅಡ್ಡಾಗುತ್ತಾಳೆ. ನಿದ್ದೆ ಬಿಟ್ಟುಹೋದ ಹೆಂಗಸರು ಎಷ್ಟು ದೂರ ಅಲೆಯುತ್ತಾರೆಂದು ಇಷ್ಟು ವರ್ಷ ಕೇಳಿದ್ದೇನೆ. ಅದಕ್ಕೇ ಅವಳ ಗೊರಕೆ ನನಗೆ ಹಿತ. ಮಾಬುಬಿ ಎಬ್ಬಿಸಲು ಬಂದಾಗ, ಇನ್ನೊಂದು ಗಳಿಗೆ ಇರಲಿ ಬಿಡು ತಾಯಿ, ಎಂದುಕೊಳ್ಳುತ್ತೇನೆ.