ಮುನ್ನೂರೆರಡನೇ ಮನೆಯ ಗೀಸರ್

ನಾನು ಒಂದು ಗ್ಯಾಸ್ ಗೀಸರ್. ಊರಾಚೆಯ ತಗಡಿನ ಶೆಡ್ಡೊಂದರಲ್ಲಿ ಹುಟ್ಟಿದೆ. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ನನ್ನ ಎದೆ ಮಾಡಿದರು. ಕೆಳಗೆ ಬರ್ನರ್ ಕೂರಿಸಿ, ಮೇಲೆ ಬಿಳಿ ತಗಡಿನ ಅಂಗಿ ತೊಡಿಸಿದರು. ಕೊನೆಯ ಮೇಜಿನಲ್ಲಿ ತಬಸ್ಸುಮ್ ಎಂಬ ಹೆಂಗಸು ಕೂರುತ್ತಿದ್ದಳು. ಅವಳು ನನಗೆ ನೀರಿನ ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದಳು. ಟಿಕ್ ಟಿಕ್ ಎಂದು ಕಿಡಿ ಹಾರಿ ನೀಲಿ ಜ್ವಾಲೆ ಎದ್ದಿತು.

"ನೀಲಿಯಾಗಿ ಉರೀತಾ ಇರೋವರೆಗೂ ನೀನು ಒಳ್ಳೆಯವನು," ಎಂದು ನನ್ನ ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿಸಿದಳು. ಕಿಟಕಿ ತೆರೆದಿರುವ ಕಡೆ ಮಾತ್ರ ಬಳಸಬೇಕು ಎಂದು ಅದರಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿತ್ತು.

ಅದೇಕೆಂದು ಆಗ ನನಗೆ ಗೊತ್ತಿರಲಿಲ್ಲ. ಉರಿಯುವಾಗ ನಾನೂ ಮನುಷ್ಯರಂತೆ ಗಾಳಿ ಎಳೆದುಕೊಳ್ಳುತ್ತೇನೆ. ಗಾಳಿ ಸಾಲದೆ ಹೋದರೆ ನಾನು ಹೊರಬಿಡುವ ಉಸಿರು ವಿಷವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನನ್ನನ್ನು ಕೊಂಡವರು ಬೆಂಗಳೂರಿನ ವಿಜಯನಗರದಲ್ಲಿ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದ ಅನಸೂಯಮ್ಮ. ಬಚ್ಚಲಿನ ಗೋಡೆಗೆ ನನ್ನನ್ನು ನೇತುಹಾಕಿದರು. ಎದುರಿಗೆ ಗಾಜಿನ ಪಟ್ಟಿಗಳ ಕಿಟಕಿಯಿತ್ತು. ಅನಸೂಯಮ್ಮ ದಿನವೂ ಮೊದಲು ಆ ಪಟ್ಟಿಗಳನ್ನು ತೆರೆದು, ಆಮೇಲೆ ನಲ್ಲಿ ಮುಟ್ಟುತ್ತಿದ್ದರು. ಹನ್ನೊಂದು ವರ್ಷ ಹಾಗೆಯೇ ನಡೆಯಿತು. ಆವಿಗೆ ಆ ಚೀಟಿ ಸುಲಿದು ಯಾವಾಗಲೋ ಬಿದ್ದುಹೋಯಿತು.

ಅವರು ತೀರಿಕೊಂಡ ಮೇಲೆ ಮನೆ ಅವರ ತಂಗಿಯ ಮಗ ರಘುನಂದನನ ಪಾಲಾಯಿತು. ಖಾಲಿ ಮನೆಯ ಬಚ್ಚಲಿನ ಕಿಟಕಿಯಲ್ಲಿ ಪಾರಿವಾಳಗಳು ಗೂಡು ಕಟ್ಟಿ ಗಲೀಜು ಮಾಡಿದ್ದವು. ರಘುನಂದನ ಕಟ್ಟಡದ ಪ್ಲಂಬರ್ ಪುಟ್ಟಸ್ವಾಮಿಯನ್ನು ಕರೆಸಿ, ಕಿಟಕಿಗೆ ಹಲಗೆ ಹೊಡೆದು ಮುಚ್ಚಿಬಿಡಲು ಹೇಳಿದ.

ಪುಟ್ಟಸ್ವಾಮಿ ನನ್ನತ್ತ ಕೈ ತೋರಿಸಿದ. "ಗ್ಯಾಸ್ ಗೀಸರ್ ಐತೆ ಸಾರ್. ಗಾಳಿ ಆಡಬೇಕು."

"ಬಾಗಿಲ ಕೆಳಗೆ ಸಂದಿ ಇದೆಯಲ್ಲಯ್ಯ. ಅಷ್ಟು ಸಾಕು."

ಪುಟ್ಟಸ್ವಾಮಿ ತಲೆ ಕೆರೆದುಕೊಂಡ. ಆಮೇಲೆ ಮೊಳೆ ಹೊಡೆದ.

ಮೊದಲು ಬಾಡಿಗೆಗೆ ಬಂದವರು ಇಬ್ಬರು ಅಣ್ಣತಮ್ಮಂದಿರು. ಬಕೆಟ್ಟು ತುಂಬಿಸಿಕೊಂಡು ನನ್ನನ್ನು ಆರಿಸಿ, ಐದೇ ನಿಮಿಷಕ್ಕೆ ಸ್ನಾನ ಮುಗಿಸುತ್ತಿದ್ದರು. ಒಂದು ಬೆಳಿಗ್ಗೆ ತಮ್ಮನಾದವನು ಬಟ್ಟೆ ಒಗೆಯಲೆಂದು ನಲ್ಲಿಯನ್ನು ಹಾಗೇ ಬಿಟ್ಟುಕೊಂಡು ಕೂತ. ಹೊರಗೆ ಹೋದವನೇ ವಾಂತಿ ಮಾಡಿಕೊಂಡ. ಹೋಟೆಲಿನ ಪಲಾವ್ ಕೆಟ್ಟಿರಬೇಕು ಎಂದು ಅಣ್ಣ ಬೈದ. ನನ್ನ ಜ್ವಾಲೆಯ ತುದಿ ಹಳದಿಯಾಗಿದ್ದನ್ನು ಅವರಿಬ್ಬರೂ ನೋಡಲಿಲ್ಲ.

ಅವರು ಬಿಟ್ಟುಹೋದ ಮೇಲೆ ಮಿಲೆನಾ ಬಂದಳು. ದೂರದ ಬಲ್ಗೇರಿಯಾದವಳು. ಇಲ್ಲಿನ ಸಂಗೀತ ಶಾಲೆಯೊಂದರಲ್ಲಿ ಮಕ್ಕಳಿಗೆ ಪಿಟೀಲು ಕಲಿಸಲು ಬಂದಿದ್ದಳು. ಪಿಟೀಲಿನಷ್ಟೇ ಆಸೆಯಿಂದ ಕನ್ನಡವನ್ನೂ ಕಲಿಯುತ್ತಿದ್ದಳು.

ಈ ಕಟ್ಟಡ ಅವಳನ್ನು ದಿನಕ್ಕೊಂದು ರೀತಿ ಬೆಚ್ಚಿಬೀಳಿಸುತ್ತಿತ್ತು. ಮೊದಲ ಬೆಳಿಗ್ಗೆ ಎಂಟು ಮನೆಗಳ ಕುಕ್ಕರುಗಳು ಒಟ್ಟಿಗೆ ಕೂಗಿದಾಗ, ಬೆಂಕಿ ಬಿದ್ದಿದೆಯೆಂದು ಪಿಟೀಲು ತಬ್ಬಿಕೊಂಡು ಬರಿಗಾಲಲ್ಲಿ ಕೆಳಗೆ ಓಡಿದಳಂತೆ. ಹಾಲು, ಹೂವು, ಇಸ್ತ್ರಿ, ಕಸ ಎಂದು ಹತ್ತು ಗಂಟೆಯೊಳಗೆ ಆರು ಸಲ ಕರೆಗಂಟೆ ಹೊಡೆದುಕೊಳ್ಳುತ್ತಿತ್ತು. ನೀರಂತೂ ತನಗೆ ತೋಚಿದಾಗ ಬಂದು ತೋಚಿದಾಗ ಹೋಗುತ್ತಿತ್ತು.

ಪಕ್ಕದ ಮನೆಯ ಜಯಶೀಲಮ್ಮ ಕರೆಗಂಟೆಯನ್ನೂ ಒತ್ತುತ್ತಿರಲಿಲ್ಲ. ಸಾರಿನ ಪಾತ್ರೆ ಹಿಡಿದು ನೇರವಾಗಿ ಅಡುಗೆಮನೆಗೇ ಬಂದುಬಿಡುತ್ತಿದ್ದರು. ಒಮ್ಮೆ ಮಿಲೆನಾ ಟವೆಲ್ಲು ಸುತ್ತಿಕೊಂಡು ಬಚ್ಚಲಿನಿಂದ ಬಂದಾಗ ಅವರು ಅಲ್ಲೇ ನಿಂತಿದ್ದರು.

"ಆಂಟಿ, ದಯವಿಟ್ಟು ಬಾಗಿಲು ತಟ್ಟಿ."

"ನಾನೇನು ಹೊರಗಿನವಳೇನಮ್ಮ?"

ಅಂದಿನಿಂದ ಮಿಲೆನಾ ಹೊರಬಾಗಿಲಿಗೆ ಒಳಗಿನಿಂದ ಚಿಲಕ ಹಾಕತೊಡಗಿದಳು.

ಆಮೇಲೆ ಜಿರಲೆ ಬಂತು. ಬಚ್ಚಲಿನ ಬಾಗಿಲ ಕೆಳಗಿನ ಸಂದಿಯಿಂದ ಒಂದು ದಪ್ಪ ಜಿರಲೆ ನುಸುಳಿ ಅವಳ ಪಾದದ ಮೇಲೆ ಹರಿಯಿತು. ಮಾರನೆಯ ದಿನದಿಂದ ಅವಳು ಸ್ನಾನಕ್ಕೆ ಬಂದರೆ ಮೊದಲು ಒದ್ದೆ ಟವೆಲ್ಲನ್ನು ಸುರುಳಿ ಸುತ್ತಿ ಆ ಸಂದಿಗೆ ಒತ್ತುತ್ತಿದ್ದಳು. ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ನನಗೆ ಕೈಯಿಲ್ಲ, ಬಾಯಿಯೂ ಇಲ್ಲ. ನಲ್ಲಿ ತಿರುಗಿದರೆ ಉರಿಯಬೇಕು. ಅಷ್ಟೇ ನನಗೆ ಗೊತ್ತಿರುವುದು.

ಅವಳು ಬಕೆಟ್ಟಿನಲ್ಲಿ ಸ್ನಾನ ಮಾಡುವವಳಲ್ಲ. ಷವರಿನ ಕೆಳಗೆ ಕಣ್ಣು ಮುಚ್ಚಿ, ಯಾವುದೋ ರಾಗ ಗುನುಗುತ್ತ ಬಹಳ ಹೊತ್ತು ನಿಲ್ಲುತ್ತಿದ್ದಳು. ದಿನ ಕಳೆದಂತೆ ಗುನುಗುವುದು ಕಡಿಮೆಯಾಯಿತು. ಗೋಡೆಗೆ ಹಣೆ ಒತ್ತಿ ನಿಲ್ಲುವುದು ಹೆಚ್ಚಾಯಿತು. ತಲೆನೋವಿಗೆ ಪೇಟೆಯ ಹೊಗೆ ಕಾರಣ ಎಂದುಕೊಂಡಳು. ನೀರು ಒಗ್ಗುತ್ತಿಲ್ಲ ಎಂದುಕೊಂಡಳು. ಪಿತ್ತ ಹೆಚ್ಚಾಗಿದೆ ಎಂದು ಜಯಶೀಲಮ್ಮ ಜೀರಿಗೆ ಕಷಾಯ ಕಳಿಸಿದರು. ಡಾಕ್ಟರರು ತಲೆನೋವಿನ ಮಾತ್ರೆ ಬರೆದರು. ಬಚ್ಚಲಿನ ಬಗ್ಗೆ ಯಾರೂ ಕೇಳಲಿಲ್ಲ.

ಒಂದು ಶನಿವಾರ ಶಾಲೆಯ ಮಕ್ಕಳ ಪಿಟೀಲು ಕಛೇರಿ ಇತ್ತು. ಹಿಂದಿನ ಎರಡು ದಿನ ಕಟ್ಟಡಕ್ಕೆ ನೀರಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಟ್ಯಾಂಕರ್ ಬಂದು ಮೇಲಿನ ತೊಟ್ಟಿ ತುಂಬಿತು. ಮಿಲೆನಾ ಒಳಗೆ ಬಂದಳು, ಟವೆಲ್ಲನ್ನು ಸಂದಿಗೆ ಒತ್ತಿದಳು, ನಲ್ಲಿ ತಿರುಗಿಸಿದಳು.

ನನ್ನ ಜ್ವಾಲೆ ನೀಲಿಯಾಗಿ ಎದ್ದು, ಬೇಗನೇ ಹಳದಿಯಾಯಿತು. ಕೋಣೆಯ ಗಾಳಿಯನ್ನೆಲ್ಲ ನಾನು ಎಳೆದುಕೊಳ್ಳುತ್ತಿದ್ದೆ. ಅವಳು ತಲೆ ತೊಳೆದುಕೊಂಡಳು. ಸೋಪು ಕೈಜಾರಿತು. ಅದನ್ನು ಎತ್ತಲು ಬಗ್ಗಿದವಳು ಮತ್ತೆ ಏಳಲಿಲ್ಲ. ಗೋಡೆಗೆ ಒರಗಿ, ನಿದ್ದೆ ಬಂದವಳಂತೆ ಮೆಲ್ಲಗೆ ಕುಸಿದಳು. ಬಿಸಿನೀರು ಅವಳ ಮೇಲೆ ಸುರಿಯುತ್ತಲೇ ಇತ್ತು. ನೀರು ಹರಿಯುತ್ತಿರುವವರೆಗೂ ನಾನು ಆರುವಂತಿರಲಿಲ್ಲ. ಅಷ್ಟು ಭಯದಿಂದ ನಾನು ಎಂದೂ ಉರಿದಿರಲಿಲ್ಲ.

ಇದ್ದಕ್ಕಿದ್ದಂತೆ ನೀರು ನಿಂತಿತು. ನಾನು ಆರಿದೆ.

ನಡೆದದ್ದು ಆಮೇಲೆ ಅವರ ಮಾತಿನಿಂದ ತಿಳಿಯಿತು. ಗೋಡೆಯಾಚೆ ನೀರು ಒಂದೇ ಸಮನೆ ಸುರಿಯುವ ಸದ್ದು ಕೇಳಿ ಜಯಶೀಲಮ್ಮನಿಗೆ ಸಿಟ್ಟು ಬಂದಿತ್ತು. ಬಾಗಿಲು ತಟ್ಟಿದರು, ಕರೆಗಂಟೆ ಒತ್ತಿದರು. "ಮಿಲೆನಾ, ಎಲ್ಲರಿಗೂ ನೀರು ಬೇಕಮ್ಮ, ನಿಲ್ಸು," ಎಂದು ಕೂಗಿದರು. ಉತ್ತರವಿಲ್ಲ. ಮಂಡಿನೋವಿನ ಹೆಂಗಸು ಏದುಸಿರು ಬಿಡುತ್ತ ಟೆರೇಸಿಗೆ ಹತ್ತಿ, ಮುನ್ನೂರೆರಡರ ವಾಲ್ವನ್ನು ತಿರುಗಿಸಿ ಮುಚ್ಚಿಬಿಟ್ಟರು. ಈಗ ತಾನಾಗಿ ಬಾಗಿಲು ತೆಗೆದು ಬೈಯಲು ಬರುತ್ತಾಳೆ ಎಂದು ಕೆಳಗೆ ಬಂದು ಸೊಂಟಕ್ಕೆ ಕೈಯಿಟ್ಟು ಕಾದರು. ತಲೆಗೆ ಸೋಪು ಹಚ್ಚಿಕೊಂಡವಳು ನೀರು ನಿಂತರೂ ಸದ್ದು ಮಾಡದಿದ್ದಾಗ ಅವರ ಸಿಟ್ಟು ಇಳಿಯಿತು. ಮೆಟ್ಟಿಲ ಬಳಿ ನಿಂತು ಪುಟ್ಟಸ್ವಾಮಿಯನ್ನು ಕೂಗಿ ಕರೆದರು.

ಟ್ಯಾಂಕರಿನ ಬಳಿ ಇದ್ದ ಪುಟ್ಟಸ್ವಾಮಿ ಹಾರೆ ತಂದು ಚಿಲಕ ಮುರಿದ. ಬಚ್ಚಲಿನ ಬಾಗಿಲನ್ನು ಭುಜದಿಂದ ನೂಕಿದ. ಅಡ್ಡಲಾಗಿದ್ದ ಟವೆಲ್ಲು ನೋಡಿದ, ತಾನೇ ಹೊಡೆದ ಹಲಗೆ ನೋಡಿದ. ಜಯಶೀಲಮ್ಮ ತಮ್ಮ ಸೆರಗನ್ನೇ ಹೊದಿಸಿ, ಇಬ್ಬರೂ ಅವಳನ್ನು ಬಾಲ್ಕನಿಗೆ ಎಳೆದುಕೊಂಡು ಹೋದರು.

"ಉಸಿರಾಡು ಮಗಳೇ, ಉಸಿರಾಡು," ಎಂದು ಜಯಶೀಲಮ್ಮ ಕೂಗುವುದು ನನಗೆ ಕೇಳಿಸುತ್ತಿತ್ತು.

ಮಿಲೆನಾ ಬದುಕಿದಳು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮರಳಿದಳು. ಆದರೆ ಅವಳ ಎಡಗೈ ಬೆರಳುಗಳು ನಡುಗುತ್ತಿದ್ದವು. ತಂತಿಯ ಮೇಲೆ ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರರು. ರಘುನಂದನ ಬಂದು, ಇಂಥದ್ದಾಗುತ್ತದೆ ಎಂದು ತನಗೇನು ಗೊತ್ತಿತ್ತು ಎಂದ.

ಮರುದಿನ ಪುಟ್ಟಸ್ವಾಮಿ ಹಲಗೆ ಕಿತ್ತು, ನನ್ನನ್ನೂ ಗೋಡೆಯಿಂದ ಇಳಿಸಿದ. ಮಿಲೆನಾ ಕೇಳಿದಳು: "ಇಂಥವು ಈ ಬಿಲ್ಡಿಂಗಲ್ಲಿ ಇನ್ನೂ ಎಷ್ಟು ಇವೆ?"

ಅವನಿಗೆ ಗೊತ್ತಿರಲಿಲ್ಲ. ಅವಳೂ ಜಯಶೀಲಮ್ಮನೂ ಹದಿನಾರು ಮನೆಗಳ ಬಾಗಿಲು ತಟ್ಟಿದರು. ಒಂಬತ್ತು ಮನೆಗಳಲ್ಲಿ ನನ್ನಂಥವರಿದ್ದರು. ಆರರಲ್ಲಿ ಪಾರಿವಾಳಕ್ಕೋ ಸೊಳ್ಳೆಗೋ ಹೆದರಿ ಕಿಟಕಿ ಮುಚ್ಚಿದ್ದರು. ಎರಡು ಮನೆಯವರು ಅಂದೇ ಕಿಟಕಿ ತೆಗೆಸಿದರು. ಉಳಿದ ನಾಲ್ವರು ಸೌಜನ್ಯದಿಂದಲೇ ಕೇಳಿಸಿಕೊಂಡು, "ನಮಗೆ ಇಷ್ಟು ವರ್ಷ ಏನೂ ಆಗಿಲ್ಲವಲ್ಲ," ಎಂದರು.

ಈಗ ನಾನು ನೆಲಮಾಳಿಗೆಯಲ್ಲಿ, ಮೀಟರುಗಳ ಕೋಣೆಯ ಮೂಲೆಯಲ್ಲಿ ಬಿದ್ದಿದ್ದೇನೆ. ತಾಮ್ರ ಹಸಿರುಗಟ್ಟಿದೆ. ಬರ್ನರಿನ ತೂತುಗಳಲ್ಲಿ ಜೇಡ ಬಲೆ ಕಟ್ಟಿದೆ. ಇನ್ನು ನನ್ನಿಂದ ಯಾರಿಗೂ ಕೇಡಿಲ್ಲ. ಆದರೂ ಬೆಳಗಾದರೆ ನನಗೆ ನೆಮ್ಮದಿಯಿಲ್ಲ. ಇಡೀ ಕಟ್ಟಡದ ಕೊಳವೆಗಳು ನನ್ನ ಪಕ್ಕದ ಗೋಡೆಯಲ್ಲೇ ಇಳಿಯುತ್ತವೆ. ಆ ನಾಲ್ಕು ಮನೆಗಳಲ್ಲಿ ಒಂದೊಂದಾಗಿ ಸ್ನಾನದ ನೀರು ಬಿಡುವುದು ನನಗೆ ಕೇಳಿಸುತ್ತದೆ. ಒಂದು ನಿಲ್ಲುತ್ತದೆ. ಇನ್ನೊಂದು ನಿಲ್ಲುತ್ತದೆ. ಮೂರನೆಯದೂ ನಿಲ್ಲುತ್ತದೆ. ನಾಲ್ಕನೆಯದು ಇವತ್ತು ಯಾಕೋ ತಡವಾಗುತ್ತಿದೆ.