ಅಕ್ಕನ ಟ್ರ್ಯಾಕು

ಲಿಫ್ಟಿನ ಬಾಗಿಲು ಇವತ್ತೂ ಎರಡು ಸ್ವರದಲ್ಲಿ ಕಿರುಗುಟ್ಟಿತು, ಮೊದಲನೆಯದು ಸರಿಯಾಗಿದೆ, ಎರಡನೆಯದು ಕೂದಲೆಳೆಯಷ್ಟು ಕೆಳಗೆ, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋದೀತು, ಆದರೆ ಈ ಕಟ್ಟಡದಲ್ಲಿ ಎಣ್ಣೆ ಬಿಡುವವರು ಯಾರು, ಎಲ್ಲರೂ ಬೇರೆ ಯಾರೋ ಬಿಡಲಿ ಎಂದು ಕಾಯುವವರೇ — ಅಂದರೆ ಅಕ್ಕ ಕೆಳಗಿಳಿದಳು, ಬ್ರೆಡ್ಡು, ಟೊಮೆಟೊ, ಆಮೇಲೆ ಔಷಧಿ ಅಂಗಡಿ, ಅಲ್ಲಿ ಜನ ಇರುತ್ತಾರೆ, ಅವಳ ಪಿಸುದನಿ ಗಾಜಿನಾಚೆಗೆ ಮುಟ್ಟುವುದಿಲ್ಲ, ಬೆರಳು ತೋರಿಸಿ ಕೇಳಬೇಕು, ಅಂಗಡಿಯವನು ಇವಳಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಕೂಗಿ ಉತ್ತರ ಕೊಡುತ್ತಾನೆ, ಹೋಗಿರುವುದು ಗಂಟಲು ಕಣಯ್ಯಾ, ಕಿವಿ ನೆಟ್ಟಗಿದೆ ಎಂದು ಒಂದು ದಿನ ಇವನೇ ಹೋಗಿ ಹೇಳಬೇಕು, ಹೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದಾನೋ, ಅಂದುಕೊಳ್ಳುವುದರಲ್ಲಿ ಮಾತ್ರ ಇವನನ್ನು ಮೀರಿಸುವವರಿಲ್ಲ. ಅವಳು ಬರುವುದರೊಳಗೆ ಏನಾದರೂ ಮಾಡಬೇಕು. ಬಂತು ಅಂದುಬಿಟ್ಟನಲ್ಲ. ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟವಳು, ಏನೋ ನೆನಪಾದಂತೆ ತಿರುಗಿ, ಸೈಕಲ್ ಚಕ್ರದಿಂದ ಗಾಳಿ ಹೋಗುವಂಥ ಆ ದನಿಯಲ್ಲಿ ಕೇಳಿದಳು, ನಂದೂ ಬಂತಾ? ಇವನು ಪರದೆಯಿಂದ ಕಣ್ಣು ಕೀಳದೆ, ಹ್ಞೂಂ ಅಕ್ಕ, ಎಲ್ಲ ಬಂತು. ಸರಿ ಎಂಬಂತೆ ಅವಳ ಬಳೆ ಸದ್ದಾಯಿತು, ಬಾಗಿಲು ಮುಚ್ಚಿತು.

ಬಂದಿಲ್ಲ. ಅವಳು ಕೇಳಿದ ಮೇಲೆ, ಹಳೇ ಸಾಫ್ಟ್‌ವೇರಿನಿಂದ ಹಾಡುಗಳನ್ನೆಲ್ಲ ಹೊರತೆಗೆದು ಇಟ್ಟ ಹೊಸ ಡಿಸ್ಕಿನೊಳಗೆ ಒಂದೊಂದೇ ಹಾಡು ಬಿಚ್ಚಿ ನೋಡಿದ, ಡ್ರಮ್ಸ್ ಬಂದಿದೆ, ಗಿಟಾರು ಬಂದಿದೆ, ದೊಡ್ಡ ಗಾಯಕಿಯ ಧ್ವನಿ ಅವಳ ಕೆಮ್ಮಿನ ಸಮೇತ ಬಂದಿದೆ, ಯಾರೋ ಕುರ್ಚಿ ಎಳೆದ ಸದ್ದು ಕೂಡ ಬಂದಿದೆ, ಅಕ್ಕ ಬಂದಿಲ್ಲ, ಯಾವ ಹಾಡಿನಲ್ಲೂ ಇಲ್ಲ. ಬರುವುದಾದರೂ ಹೇಗೆ, ಮ್ಯೂಟ್ ಮಾಡಿಟ್ಟ ಟ್ರ್ಯಾಕನ್ನು ಈ ಸಾಫ್ಟ್‌ವೇರು ಹೊರಗೆ ಕಳಿಸುವುದಿಲ್ಲ, ಕೇಳಿಸುವುದನ್ನಷ್ಟೇ ಎಕ್ಸ್‌ಪೋರ್ಟ್ ಮಾಡುತ್ತದೆ, ಮೊನ್ನೆ ಮೊನ್ನೆ ಈ ಕಸುಬಿಗೆ ಇಳಿದವನಿಗೂ ಗೊತ್ತಿರುವ ವಿಷಯ, ಇವನೇ ನಾಲ್ಕಾರು ಜನಕ್ಕೆ ಪಾಠ ಹೇಳಿದ್ದಾನೆ, ಎಲ್ಲ ಮ್ಯೂಟೂ ತೆಗೆದು ಆಮೇಲೆ ಎಕ್ಸ್‌ಪೋರ್ಟ್ ಮಾಡ್ರಪ್ಪಾ ಅಂತ, ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ. ಎಷ್ಟೋ ವರ್ಷದಿಂದ ನೋಡಿ ನೋಡಿ ಆ ಮ್ಯೂಟ್ ಗುಂಡಿ ಇವನ ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು. ಟ್ರ್ಯಾಕಿನ ಎಡತುದಿಯಲ್ಲಿ ಬೇಳೆಕಾಳಿನಷ್ಟು ಕಿತ್ತಳೆ ಬೆಳಕು. ಒತ್ತಿದರೆ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ಸದ್ದಿಲ್ಲ.

ದೊಡ್ಡವರು ಬಂದು ಹಾಡುವ ಮೊದಲು, ಹಾಡು ಹೀಗಿದೆ ನೋಡಿ ಎಂದು ಅವರಿಗೆ ಕೇಳಿಸಲು ಯಾರಾದರೂ ಒಬ್ಬರು ಹಾಡಿ ಇಟ್ಟಿರಬೇಕು, ಟ್ರ್ಯಾಕು ಹಾಡುವುದು ಎನ್ನುತ್ತಾರೆ ಅದಕ್ಕೆ, ಅಕ್ಕ ಮಾಡಿದ್ದು ಅದೊಂದೇ ಕೆಲಸ, ಇವನ ಮೊದಲ ಕೀಬೋರ್ಡು ಬಂದದ್ದೂ ಆ ದುಡ್ಡಿನಲ್ಲೇ. ಗಾಜಿನ ಆಚೆ ನಿಂತು ಹೆಡ್‌ಫೋನು ಹಾಕಿಕೊಂಡು, ಕೂದಲು ಕಿವಿಯ ಹಿಂದಕ್ಕೆ ಸರಿಸಿ, ಪ್ರತಿ ಸಲವೂ ಅದೇ ಪ್ರಶ್ನೆ, ಬರ್ತಾ ಇದೆಯೇನೋ? ಈಚೆಯಿಂದ ಇವನು, ಬರ್ತಾ ಇದೆ ಅಕ್ಕ. ಆಮೇಲೆ ಒಂದು ಉಸಿರು, ಆಮೇಲೆ ಹಾಡು, ಅಬ್ಬ ಏನು ಹಾಡು, ಎರಡನೇ ಸಲ ಹಾಡಿಸುವ ಪ್ರಮೇಯವೇ ಇಲ್ಲ. ದೊಡ್ಡ ಗಾಯಕಿ ಬರುತ್ತಾಳೆ, ಬಿಸಿನೀರು ಕೇಳುತ್ತಾಳೆ, ಕೇಳಿಸಿಕೊಳ್ಳುತ್ತಾ, ಚೆನ್ನಾಗಿದೆಯಲ್ಲ, ಯಾರದು ಧ್ವನಿ — ಅಕ್ಕ ಮೂಲೆಯ ಸ್ಟೂಲಿನ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ನಗುತ್ತಾ ಕೂತಿರುತ್ತಾಳೆ — ಆಗ ಇವನ ಬೆರಳು ತಾನಾಗಿಯೇ ಹೋಗಿ ಗುಂಡಿ ಒತ್ತುತ್ತದೆ, ಕಿತ್ತಳೆ ಬೆಳಕು, ಸರಿ ಕಣೋ ನಾನಿನ್ನು ಹೊರಟೆ, ಒಲೆ ಮೇಲೆ ಏನೂ ಇಟ್ಟಿಲ್ಲ, ಬರ್ತಾ ಏನಾದ್ರೂ ತಗೊಂಬಾ, ಎನ್ನುತ್ತಾಳೆ ಅಕ್ಕ. ಬೇರೆಯವರು ಆ ಟ್ರ್ಯಾಕನ್ನು ಅಳಿಸಿಬಿಡುತ್ತಾರೆ, ಇವನು ಅಳಿಸಲಿಲ್ಲ, ಒಂದನ್ನೂ ಅಳಿಸಲಿಲ್ಲ, ಅದೊಂದು ಹೆಮ್ಮೆ ಇವನಿಗೆ, ಅಳಿಸಿದರೆ ಅಕ್ಕನ ಬಾಯಿ ಮುಚ್ಚಿಸಿದ ಹಾಗೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ, ಮ್ಯೂಟ್ ಮಾಡಿದರೆ ಬಾಯಿ ತೆರೆದಿರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಇವನೂ ಕೇಳಿಕೊಳ್ಳಲಿಲ್ಲ. ಆಮೇಲೆ ಗಂಟಲಲ್ಲಿ ಗಡ್ಡೆ, ತೆಗೆಯುವಾಗ ಧ್ವನಿಯ ನರಕ್ಕೆ ಪೆಟ್ಟಾದೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಜೀವ ಉಳಿದರೆ ಸಾಕು ಅಂದದ್ದು ಅಕ್ಕನೇ, ಉಳಿಯಿತು, ಧ್ವನಿ ಹೋಯಿತು. ಕೇಳ್ತೀಯಾ ಅಕ್ಕ ಹಳೇದು ಒಂದು ಹಾಕಲಾ, ಎಂದು ಒಂದು ಸಲ ಕೇಳಿದ್ದ, ಅವಳು ತಲೆ ಅಲ್ಲಾಡಿಸಿ ಬೇಡ ಅಂದು ಟೊಮೆಟೊ ಹೆಚ್ಚುವುದನ್ನು ಮುಂದುವರಿಸಿದಳು, ಅಲ್ಲಿಗೆ ಆ ಮಾತು ಮುಗಿಯಿತು. ಇವತ್ತು ಅವಳಾಗಿಯೇ ಕೇಳಿದಳು.

ಪರದೆಯ ನಟ್ಟನಡುವೆ ಸಾಫ್ಟ್‌ವೇರಿನ ಚೌಕ ಕೂತಿದೆ, ನೊಣದ ಹಾಗೆ, ಓಡಿಸಿದರೂ ಬಂದು ಕೂರುತ್ತದೆ. ನಿಮ್ಮ ಹಳೆಯ ಪರವಾನಗಿ ಮುಗಿದಿದೆ, ಕಡತಗಳನ್ನು ತೆರೆಯಲು ತಿಂಗಳ ಅಥವಾ ವರ್ಷದ ಯೋಜನೆ ಆರಿಸಿಕೊಳ್ಳಿ. ಕೊಳ್ಳುವಾಗ ಹೀಗಿರಲಿಲ್ಲ, ಒಮ್ಮೆ ಕೊಂಡರೆ ಜೀವನಪೂರ್ತಿ ಎಂದಿತ್ತು, ಇವನು ದರ ನೋಡಿ ಹಿಂದೆಮುಂದೆ ನೋಡುತ್ತಿದ್ದಾಗ ಅಕ್ಕ ಭುಜದ ಮೇಲಿಂದ ಬಗ್ಗಿ ನೋಡಿ, ಜೀವನಪೂರ್ತಿ ಅಂತೆ ಕಣೋ, ತಗೋ, ನಾನು ಕೊಡ್ತೀನಿ. ಯಾರ ಜೀವನ ಎಂದು ಅದರಲ್ಲಿ ಬರೆದಿರಲಿಲ್ಲ. ಹಾಡುಗಳನ್ನೆಲ್ಲ ಅದು ತನ್ನದೇ ಗಂಟು ಕಟ್ಟಿ ಇಡುತ್ತದೆ, ಗಂಟು ಇವನ ಡಿಸ್ಕಿನಲ್ಲೇ ಇದೆ, ಬಿಚ್ಚುವ ಕೈ ಮಾತ್ರ ಅವರದು. ಇನ್ನು ತಿಂಗಳು ತಿಂಗಳು ದುಡ್ಡು ಕಟ್ಟಬೇಕೆಂಬ ಸುದ್ದಿ ಬಂದ ದಿನ ಡ್ರಮ್ಮರ್ ಗುಂಡನ ಕಾರ್ ಶೆಡ್ಡಿನಲ್ಲಿ ಈ ಕಸುಬಿನ ಗೆಳೆಯರೆಲ್ಲ ಸೇರಿದ್ದರು, ಕಾರು ಹೊರಗೆ, ಕುರ್ಚಿ ಒಳಗೆ, ವಯೋಲಿನ್ನಿನ ಯಜಮಾನರು, ಇವತ್ತು ಇದು, ನಾಳೆ ನನ್ನ ಕಮಾನೂ ಅರ್ಧ ಹಾಡಿಗೆ ನಿಂತ್ಕೊಂಡು ಬಾಡಿಗೆ ಕೇಳುತ್ತೆ ನೋಡ್ತಿರಿ ಅಂದರು, ಗುಂಡ, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂದ, ಎಲ್ಲರೂ ನಕ್ಕರು, ನಗುವಿನ ಕೆಳಗೆ ಹೆದರಿಕೆ ಇತ್ತು, ಎಲ್ಲರ ಹಾಡುಗಳೂ ಆ ಗಂಟಿನೊಳಗೇ ಇದ್ದವು. ಆಗ ಎದ್ದು ನಿಂತವನು ಇವನು, ನಿಲ್ಲಬೇಕಾಗಿತ್ತೇ, ಕೂತಲ್ಲೇ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು — ಒಬ್ಬರೂ ಕಟ್ಟೋದು ಬೇಡ, ಎಲ್ಲರೂ ಒಟ್ಟಿಗೆ ಬಿಡೋಣ, ಕಟ್ಟಿದವರು ನಮ್ಮವರಲ್ಲ. ಸೋಪು ಮೇಡಂ ಮೆಲ್ಲಗೆ ಕೈಯೆತ್ತಿದರು, ಒಂದು ಸೋಪಿನ ಜಾಹೀರಾತಿಗೆ ರಾಗ ಹಾಕಿ ಗೆದ್ದಾಗಿನಿಂದ ಅವರು ಎಲ್ಲರಿಗೂ ಸೋಪು ಮೇಡಂ, ನನ್ನ ಗಿರಾಕಿಗಳೆಲ್ಲ ಇದರಲ್ಲೇ ಫೈಲು ಕೇಳ್ತಾರೆ ಸರ್, ನಾನು ಇದನ್ನ ಬಿಟ್ರೆ ಅವರು ನನ್ನನ್ನ ಬಿಡ್ತಾರೆ, ಮನೇಲಿ ದುಡಿಯೋಳು ನಾನೊಬ್ಳೇ. ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ ಮೇಡಂ, ಎಂದುಬಿಟ್ಟ ಇವನು, ಚಪ್ಪಾಳೆ ಬಿತ್ತು, ಅವರು ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದರು. ಅವರ ಬೆನ್ನು ನೋಡಿದಾಗಲೇ ಅಂದದ್ದು ಹೆಚ್ಚಾಯಿತು ಎನಿಸಿತ್ತು, ಚಪ್ಪಾಳೆಯ ಸದ್ದಿನಲ್ಲಿ ಅದನ್ನು ಮುಚ್ಚಿಹಾಕಿದ. ಗುಂಡನಂತೂ ಮನೆಗೆ ಹೋದವನೇ ಕಂಪ್ಯೂಟರಿನಿಂದ ಎಲ್ಲವನ್ನೂ ಕಿತ್ತುಹಾಕಿದ, ಸರಿಯಾಗಿ ಎಕ್ಸ್‌ಪೋರ್ಟ್ ಕೂಡ ಮಾಡಿಕೊಳ್ಳದೆ, ನೀನು ಹೇಳಿದ್ಮೇಲೆ ಮುಗೀತು ಕಣಣ್ಣಾ ಎಂದು ಫೋನಿನಲ್ಲಿ ನಕ್ಕ.

ಸದ್ದಿಲ್ಲದೆ ಕಟ್ಟಿಬಿಟ್ಟರೆ ಯಾರಿಗೆ ತಿಳಿಯುತ್ತದೆ, ಕಾರ್ಡು ಮೇಜಿನ ಮೇಲೇ ಇದೆ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಕುಡಿದು ಮೀಸೆ ಒರೆಸಿಕೊಂಡು ಸಂಜೆ ಫೋನಿನ ಗುಂಪಿನಲ್ಲಿ ಭೇಷ್ ಗೆಳೆಯರೇ ಎಂದು ಬರೆಯಬಹುದು. ಇಲ್ಲವೇ ಅಕ್ಕನಿಗೆ ನಿಜ ಹೇಳಬಹುದು, ಬಂದಿಲ್ಲ ಅಕ್ಕ, ಮರೆತೆ, ಅವಳು ಹೋಗ್ಲಿ ಬಿಡು ಅನ್ನುತ್ತಾಳೆ, ಖಂಡಿತ ಅನ್ನುತ್ತಾಳೆ, ಹುಟ್ಟಿದಾಗಿನಿಂದ ಅವಳು ಅಂದದ್ದು ಅದನ್ನೇ, ಕ್ಯಾಸೆಟ್ಟಿನ ಮೇಲೆ ಹೆಸರು ಹಾಕದಿದ್ದಾಗ ಹೋಗ್ಲಿ ಬಿಡು, ಇವಳು ರಾಗ ಎಳೆದ ಹಾಗೆಯೇ ಎಳೆದು ದೊಡ್ಡ ಗಾಯಕಿ ಬಹುಮಾನ ತಗೊಂಡಾಗ ಹೋಗ್ಲಿ ಬಿಡು, ಗಂಟಲಿನ ಕಟ್ಟು ಬಿಚ್ಚಿ ಮೊದಲ ಸಲ ಬಾಯಿ ತೆರೆದು ಬರೀ ಗಾಳಿ ಬಂದಾಗ ಕೂಡ, ಆ ಗಾಳಿಯಲ್ಲೇ, ಹೋಗ್ಲಿ ಬಿಡೋ ಅಳಬೇಡ. ಇಡೀ ಜೀವನದಲ್ಲಿ ಮೊದಲ ಸಲ ಅವಳು ತನ್ನದು ಅಂತ ಏನನ್ನೋ ಕೇಳಿದ್ದಾಳೆ. ಇವನಿಗೆ ಅಳು ಬಂತು, ತಡೆಯಲಿಲ್ಲ, ಮನೆಯಲ್ಲಿ ಯಾರೂ ಇಲ್ಲ. ಆಡಿದ ಮಾತು ದೊಡ್ಡದು, ಒಪ್ಪಿದ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಆದರೆ ಅಕ್ಕನಿಗೆ ಬಂತು ಎಂದದ್ದೂ ಆಡಿದ ಮಾತೇ ತಾನೆ, ಎರಡರಲ್ಲಿ ಒಂದು ಒಡೆಯಲೇಬೇಕು, ಒಡೆಯುವುದಾದರೆ ನಾಲ್ಕು ಜನರ ಎದುರಿಗೇ ಒಡೆಯಲಿ. ಫೋನು ತೆಗೆದ, ಗುಂಪಿನಲ್ಲಿ ಗುಂಡ ಬೆಳಗ್ಗೆಯೇ ಕೇಳಿದ್ದಾನೆ, ಯಾರೂ ಕಟ್ಟಿಲ್ಲ ತಾನೆ, ಕೆಳಗೆ ಸಾಲಾಗಿ ಮುಷ್ಟಿಯ ಚಿತ್ರಗಳು. ಬರೆದ, ಅಳಿಸಿದ, ಬರೆದ — ನಾನು ಕಟ್ತಾ ಇದ್ದೀನಿ, ಅಕ್ಕನ ಟ್ರ್ಯಾಕುಗಳು ಒಳಗೇ ಉಳಿದಿವೆ, ಮ್ಯೂಟ್ ತೆಗೆಯದೆ ಎಕ್ಸ್‌ಪೋರ್ಟ್ ಮಾಡಿದೆ, ಸೋಪು ಮೇಡಂ, ಅವತ್ತು ನಿಮಗೆ ಅಂದದ್ದು ತಪ್ಪಾಯ್ತು. ಕಳಿಸಿದ. ಮುಷ್ಟಿಗಳು ನಿಂತವು. ಗುಂಡ ಬರೆಯುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ಬಂತು, ನಿನ್ನ ಮಾತು ಕೇಳಿ ನಾನು ಎಲ್ಲಾ ಅಳಿಸಿದ್ನಲ್ಲಣ್ಣ. ನಾಳೆ ಅವನ ಶೆಡ್ಡಿಗೆ ಹೋಗಬೇಕು, ಬೈದರೆ ಬೈಸಿಕೊಳ್ಳಬೇಕು, ಇದನ್ನು ಬರೀ ಅಂದುಕೊಂಡು ಬಿಡುವ ಹಾಗಿಲ್ಲ. ಅದರ ಕೆಳಗೆ ಸೋಪು ಮೇಡಂ, ತಿಂಗಳಿನದು ಒತ್ತಿ ಸರ್, ವರ್ಷದ್ದು ಒತ್ತಬೇಡಿ, ವರ್ಷದ್ದು ಮೊದಲೇ ಟಿಕ್ ಆಗಿರುತ್ತೆ, ನೋಡಿಕೊಂಡು. ಅಷ್ಟೇ ಬರೆದಿದ್ದರು. ನೋಡಿದ, ಹೌದು, ವರ್ಷದ್ದೇ ಟಿಕ್ ಆಗಿತ್ತು.

ತಿಂಗಳಿನದು. ಕಾರ್ಡು. ಸರಿ. ಚೌಕ ಮಾಯವಾಯಿತು, ನೊಣ ಹಾರಿಹೋಯಿತು, ಗಂಟು ಬಿಚ್ಚಿಕೊಳ್ಳುತ್ತಿದೆ, ಒಂದೊಂದೇ ಪಟ್ಟಿ ಮೇಲಿಂದ ಕೆಳಕ್ಕೆ ಇಳಿಯುತ್ತಿದೆ, ಡ್ರಮ್ಸ್ ನೀಲಿ, ಗಿಟಾರು ಹಸಿರು, ಎಲ್ಲದರ ಕೆಳಗೆ ಬೂದಿ ಬಣ್ಣದ್ದೊಂದು, ಹೆಸರಿನ ಜಾಗದಲ್ಲಿ ಅಕ್ಕ ಎಂದಷ್ಟೇ, ಅದರ ಎಡತುದಿಯಲ್ಲಿ ಬೇಳೆಕಾಳಿನಷ್ಟು ಕಿತ್ತಳೆ ಬೆಳಕು — ಲಿಫ್ಟು, ಎರಡು ಸ್ವರ, ಮೊದಲನೆಯದು ಸರಿ, ಎರಡನೆಯದು ಕೆಳಗೆ, ಬೀಗದ ಕೈ, ಚೀಲ ಇಟ್ಟ ಸದ್ದು, ಅವಳು ಬೆನ್ನ ಹಿಂದೆ ಬಂದು ನಿಂತಳು, ಟೊಮೆಟೊ ಹಣ್ಣಿನ ವಾಸನೆ, ತಿರುಗಿ ನೋಡಿದ, ಈ ಸಲ ನೋಡಿದ, ಬಂದಿರಲಿಲ್ಲ ಅಕ್ಕ, ಸುಳ್ಳು ಹೇಳ್ದೆ. ಗೊತ್ತು, ಎಂದಿತು ಗಾಳಿ, ಮುಖ ನೋಡದೆ ಹ್ಞೂಂ ಅಂದಾಗ್ಲೇ ಗೊತ್ತಾಯ್ತು, ಚಿಕ್ಕೋನಿದ್ದಾಗಿಂದ ನೋಡ್ತಿಲ್ವಾ. ಸ್ಟೂಲು ಎಳೆದುಕೊಂಡು ಪಕ್ಕ ಕೂತಳು, ಪರದೆಯನ್ನು ನೋಡಿದಳು, ಬೂದಿ ಬಣ್ಣದ ಪಟ್ಟಿಯ ಏರಿಳಿತವನ್ನು ಕಣ್ಣಲ್ಲೇ ಹಾಡಿಕೊಳ್ಳುವ ಹಾಗೆ ನೋಡಿದಳು. ಮೌಸನ್ನು ಅವಳ ಕಡೆ ಸರಿಸಿದ, ನೀನೇ ತೆಗಿ ಅಕ್ಕ. ಅವಳು ಮತ್ತೆ ಇವನ ಕಡೆಗೇ ತಳ್ಳಿದಳು, ಅಡುಗೆಮನೆಯ ದೀಪ ಆರಿಸು ಎನ್ನುವಷ್ಟೇ ಸಲೀಸಾಗಿ, ನೀನೇ ಒತ್ತು, ಹಚ್ಚಿದೋನು ನೀನಲ್ವಾ. ಒತ್ತಿದ. ಬೆಳಕು ಆರಿತು. ಹಾಡು ಓಡಿಸಿದ. ಕುರ್ಚಿ ಸರಿದ ಸದ್ದು, ಹೆಡ್‌ಫೋನಿನ ತಂತಿ ಎಲ್ಲಿಗೋ ತಾಗಿದ ಸದ್ದು, ಆಮೇಲೆ ಕೋಣೆಯ ತುಂಬ, ಕಪಾಟಿನ ಗಾಜು ನಡುಗುವಷ್ಟು ತುಂಬಿಕೊಂಡ ಆ ಧ್ವನಿ, ಬರ್ತಾ ಇದೆಯೇನೋ? — ಮತ್ತೆ ಏನೂ ಇಲ್ಲ, ಖಾಲಿ, ಗಾಜಿನ ಈಚೆಯಿಂದ ಇವನು ಕೊಟ್ಟ ಉತ್ತರ ಯಾವ ಟ್ರ್ಯಾಕಿನಲ್ಲೂ ಇಲ್ಲ, ಇವನಿಗಾಗಿ ಬಿಟ್ಟ ಜಾಗ ಅದು, ಅಲ್ಲಿ ಅವಳು ಕಾಯುತ್ತಿದ್ದಾಳೆ, ಇಲ್ಲಿ ಪಕ್ಕದಲ್ಲಿ ಸ್ಟೂಲಿನ ಮೇಲೆಯೂ ಗಂಟಲ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಾಳೆ, ಹೇಳಬೇಕು, ಬರ್ತಾ ಇದೆ ಅಕ್ಕ, ಅಷ್ಟೇ ಹೇಳಬೇಕು, ಬಾಯಿ ತೆರೆದ, ಇವನದೂ ಬರೀ ಗಾಳಿ, ಕಣ್ಣು ಮಿಟುಕಿಸಿದ, ಆರಿದ ಗುಂಡಿಯ ಜಾಗದಲ್ಲಿ ಇವನ ಕಣ್ಣಿಗೆ ಇನ್ನೂ ಬೇಳೆಕಾಳಿನಷ್ಟು ಕಿತ್ತಳೆ, ಮತ್ತೆ ಮಿಟುಕಿಸಿದ, ಕಿತ್ತಳೆ, ಬೇಳೆಕಾಳಿನಷ್ಟು, ಕಿತ್ತಳೆ