ಹಿನ್ನೆಲೆ ಶಬ್ದ

ತಗಡಣ್ಣನೆಂದರೆ ಬೀದಿಗೆಲ್ಲ ಅಚ್ಚುಮೆಚ್ಚು. ಹೊಗೆಕೊಳವೆ, ನೀರಿನ ಟ್ಯಾಂಕಿನ ಮುಚ್ಚಳ, ಅಂಗಡಿಯ ಬೋರ್ಡು, ತಗಡಿನದ್ದು ಏನೇ ಇದ್ದರೂ ಅವನ ಕೈಯಿಂದಲೇ ಆಗಬೇಕು. ಕೆಲಸಕ್ಕಿಂತ ಅವನ ಬಾಯಿ ಜೋರು. ಕ್ಷೌರದಂಗಡಿಯಲ್ಲಿ ಕೂತನೆಂದರೆ, ಕತ್ತಿ ಹಿಡಿದವನೂ ಕತ್ತು ಕೊಟ್ಟವನೂ ಒಟ್ಟಿಗೆ ನಕ್ಕು ಎಲ್ಲಿ ಕಿವಿ ಹಾರುತ್ತದೋ ಎಂದು ನೋಡುವವರಿಗೇ ಎದೆ ಢವಗುಟ್ಟುತ್ತಿತ್ತು. ಅಂಥ ಮನುಷ್ಯನ ಮುಖ ಒಂದೇ ಒಂದು ಮಾತಿಗೆ ಗಂಟಿಕ್ಕುತ್ತಿತ್ತು. ಅದು ಅವನ ತಂಗಿಯ ಮಾತು.

ಅಪ್ಪ ಸಾಯುವ ಮುಂಚೆ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದ. ಎಡಗಡೆಯದು ಮಗನಿಗೆ, ಬಲಗಡೆಯದು ಮಗಳಿಗೆ. ತಗಡಣ್ಣ ತನ್ನ ಹಿತ್ತಿಲಲ್ಲಿ ಶೆಡ್ ಹಾಕಿಕೊಂಡು ಅಲ್ಲೇ ಕೆಲಸ ಮಾಡುತ್ತಿದ್ದ. ಆ ಗೋಡೆ ಒಡೆದರೆ ಶೆಡ್ಡು ಎರಡು ಪಟ್ಟು ಆಗುತ್ತದೆ, ದೊಡ್ಡ ಮಷಿನ್ ತರಬಹುದು ಎಂದು ಅವನ ಲೆಕ್ಕಾಚಾರ. ತಂಗಿ ಬಿಟ್ಟುಕೊಡಲಿಲ್ಲ. ಅವಳ ಗಂಡ ಪೇಂಟರ್, ಎಲ್ಲೋ ಮೂರನೇ ಮಹಡಿಗೆ ಬಣ್ಣ ಬಳಿಯುವಾಗ ಏಣಿ ಜಾರಿ ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ತಲೆ ಉಳಿಯಲಿಲ್ಲ. ಅಂದಿನಿಂದ ಅವನಿಗೆ ಜೋರು ಶಬ್ದ ತಡೆಯಲು ಆಗುತ್ತಿರಲಿಲ್ಲ. ಪಾತ್ರೆ ಬಿದ್ದರೂ ಮೈ ಸೆಟೆದುಕೊಂಡು, ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡುತ್ತಿದ್ದ. ಹಿತ್ತಿಲ ಕಡೆ ಅಣ್ಣನ ತಗಡಿನ ಸದ್ದು ಇದ್ದುದರಿಂದ ತಂಗಿ ಅವನ ಮಂಚವನ್ನು ಬೀದಿಗೆ ತೆರೆದ ಮುಂದಿನ ಕೋಣೆಗೆ ಹಾಕಿದ್ದಳು. ನಡುವೆ ಎರಡು ಬಾಗಿಲು ಮುಚ್ಚಿದರೆ ಹೇಗೋ ನಡೆಯುತ್ತಿತ್ತು.

ಆ ಬೀದಿಗೆ ಪೈಪ್‌ಲೈನ್ ಬಂತು. ಊರಾಚೆಯ ಗ್ಯಾಸನ್ನು ಊರೊಳಗೆ ತರುವ ಪೈಪು, ಆಳು ಕೂತರೆ ಹಿಡಿಸುವಷ್ಟು ದಪ್ಪ. ಮೊದಲ ವಾರ ಬರೀ ಮಣ್ಣು. ಎರಡನೇ ವಾರ ಅಣ್ಣತಂಗಿಯರ ಮನೆಬಾಗಿಲುಗಳ ಎದುರಿಗೇ ಬಂಡೆ ಸಿಕ್ಕಿತು. ಬಂಡೆ ಒಡೆಯಲು ಹಳದಿ ಯಂತ್ರವೊಂದು ಬಂದು, ತನ್ನ ಕಬ್ಬಿಣದ ಮೂತಿಯನ್ನು ಕಲ್ಲಿಗೆ ಊರಿ ಕುಟ್ಟತೊಡಗಿತು. ಕಪಾಟಿನಲ್ಲಿದ್ದ ಲೋಟಗಳು ತಾವಾಗಿಯೇ ನಡೆದು ಅಂಚಿಗೆ ಬಂದವು. ಪೇಂಟರ್‌ಗೆ ಮೊದಲ ದಿನವೇ ಮೂರು ಸಲ ಫಿಟ್ಸ್ ಬಂತು.

ತಂಗಿ ಸುಮ್ಮನೆ ಕೂರುವವಳಲ್ಲ. ನಗರ ಕಚೇರಿಗೆ ಹೋಗಿ ದೂರು ಕೊಟ್ಟಳು. ಕಟ್ಟಡ ಕೆಲಸದ ಶಬ್ದಕ್ಕೆ ಕಾಯ್ದೆ ಇದೆ, ಮನೆಯಲ್ಲಿ ರೋಗಿ ಇದ್ದರೆ ಮಿತಿ ಇನ್ನೂ ಕಡಿಮೆ, ಮೀರಿದ್ದು ಸಾಬೀತಾದರೆ ಕುಟ್ಟುವ ಯಂತ್ರ ನಿಲ್ಲಿಸಿ ಕಡಿಮೆ ಸದ್ದಿನ ಗರಗಸದಲ್ಲಿ ಬಂಡೆ ಕೊಯ್ಯಬೇಕು ಎಂದು ತಿಳಿದುಕೊಂಡು ಬಂದಳು. ಅಳತೆಗೆಂದು ಬಂದ ಅಧಿಕಾರಿ ಐವತ್ತರ ಹತ್ತಿರದ ಒಣಕಲು ಹೆಂಗಸು. ಬೀದಿ ಅವಳಿಗೆ ಅಂದೇ ಶಬ್ದದ ಮೇಡಂ ಎಂದು ಹೆಸರಿಟ್ಟಿತು. ಅವಳು ಜಗಲಿಯ ಮೇಲೆ ನಿಂತು ವಿಷಯ ಬಿಡಿಸಿ ಹೇಳಿದಳು.

"ನಾಳೆ ಬೆಳಿಗ್ಗೆ ಎರಡು ಸಲ ಅಳೀತೀನಿ. ಒಂದ್ಸಲ ಯಂತ್ರ ಓಡ್ತಿರೋವಾಗ, ಒಂದ್ಸಲ ನಿಲ್ಲಿಸಿ. ನಿಂತಾಗ ಬೀದೀಲಿ ಏನು ಸದ್ದು ಇರುತ್ತೋ ಅದನ್ನ ಹಿನ್ನೆಲೆ ಶಬ್ದ ಅಂತೀವಿ. ಎರಡಕ್ಕೂ ಚೆನ್ನಾಗಿ ಅಂತರ ಇದ್ರೆ ತಪ್ಪು ಯಂತ್ರದ್ದು. ಅಂತರ ಇಲ್ದಿದ್ರೆ ಯಂತ್ರದ ಮೇಲೆ ಹೊರಿಸೋಕೆ ಬರಲ್ಲ."

ಸಂಜೆ ತಂಗಿ ಅಣ್ಣನ ಬಾಗಿಲಿಗೆ ಬಂದಳು. ಎಷ್ಟೋ ತಿಂಗಳ ಮೇಲೆ ಬಂದದ್ದು. ಹೊಸಿಲು ದಾಟಲಿಲ್ಲ.

"ಅಣ್ಣ, ನಾಳೆ ಬೆಳಿಗ್ಗೆ ಒಂದು ಗಂಟೆ ಶೆಡ್ಡಲ್ಲಿ ಕೆಲಸ ಬೇಡ. ಅಷ್ಟೇ ಕೇಳೋದು."

"ಇಷ್ಟಕ್ಕೆ ಬಾಗಿಲಲ್ಲಿ ನಿಂತು ಕೇಳ್ಬೇಕೇನೇ ಪುಟ್ಟಿ? ಒಂದು ಗಂಟೆ ಯಾಕೆ, ಶೆಡ್ಡಿನ ಬಾಗಿಲೇ ತೆಗೆಯಲ್ಲ. ಭಾವನಿಗೆ ಅಷ್ಟೂ ಮಾಡಲ್ವಾ ನಾನು?"

ತಂಗಿಯ ಕಣ್ಣು ತುಂಬಿತು. ಒಳಗೆ ಒಲೆಯ ಮುಂದಿದ್ದ ತಗಡಣ್ಣನ ಹೆಂಡತಿ ಅದನ್ನು ನೋಡಿ, ಸದ್ಯ, ಅಣ್ಣತಂಗಿ ಒಂದಾದರಲ್ಲ ಎಂದುಕೊಂಡಳು. ಕದ್ದುಮುಚ್ಚಿ ನಾದಿನಿಗೆ ಊಟ ಸಾಗಿಸುತ್ತಿದ್ದವಳು ಅವಳೇ.

ತಂಗಿ ಹೋದಮೇಲೆ ತಗಡಣ್ಣ ಒಬ್ಬನೇ ನಕ್ಕ. ಶೆಡ್ಡಿನ ಬಾಗಿಲು ತೆಗೆಯುವುದಿಲ್ಲ ಎಂಬ ಮಾತಿಗೆ ಅವನು ತಪ್ಪುವವನಿರಲಿಲ್ಲ. ಕಟಿಂಗ್ ಮಷಿನ್ನನ್ನು ಹೊತ್ತು ತಂದು ಮುಂದಿನ ಜಗಲಿಯ ಮೇಲಿಟ್ಟ, ಮೇಲೊಂದು ಗೋಣಿ ಹೊದಿಸಿದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಪೈಪ್‌ಲೈನಿನವರು ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ತಂಗಿ ಸೋತು ಊರು ಬಿಟ್ಟರೆ ಸಾಕಿತ್ತು ಅವನಿಗೆ.

ಬೆಳಿಗ್ಗೆ ಮೇಡಂ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಅದರ ತುದಿಗೆ ಸ್ಪಂಜಿನ ಟೋಪಿ ಹಾಕಿದ ಅಳತೆಯ ಯಂತ್ರ ಕೂರಿಸಿದಳು. ತಂಗಿ ಗಂಡನ ಕಿವಿಗೆ ಹತ್ತಿ ತುರುಕಿ, ತಲೆಗೆ ದಿಂಬು ಒತ್ತಿ, ಕಿಟಕಿಯಿಂದ ನೋಡುತ್ತಿದ್ದಳು. ಹಳದಿ ಯಂತ್ರ ಕುಟ್ಟಿತು. ಮೇಡಂ ಬರೆದುಕೊಂಡಳು. ಕೈ ಎತ್ತಿದಳು, ಯಂತ್ರ ನಿಂತಿತು.

ಎಂಥ ಮೌನ ಅದು! ಎಲ್ಲೋ ಮಗುವೊಂದು ಕೆಮ್ಮಿದ್ದೂ ಕೇಳಿಸಿತು. ಕಿಟಕಿಯಲ್ಲಿ ತಂಗಿಯ ಮುಖ ಸಡಿಲವಾಯಿತು. ಅವಳು ದಿಂಬು ತೆಗೆದಳು. ಮೇಡಂ ಗುಂಡಿ ಒತ್ತಲು ಬಗ್ಗಿದಳು.

ತಗಡಣ್ಣ ಗೋಣಿ ಸರಿಸಿ ಮಷಿನ್ ಹಾಕಿದ. ಹಾಳೆ ತಗಡು ಅಲಗಿಗೆ ಸಿಕ್ಕಿ ಕಿರಿಚಿದ ರೀತಿಗೆ ನಾಯಿಗಳು ಬೀದಿ ಬಿಟ್ಟು ಓಡಿದವು.

"ಏನ್ರೀ ಇದು?" ಮೇಡಂ ಹತ್ತಿರ ಬಂದು ಕಿವಿ ಮುಚ್ಚಿಕೊಂಡು ಕೂಗಿದಳು.

"ಹೊಟ್ಟೆಪಾಡು ಮೇಡಂ!"

"ದಿನಾ ಇಲ್ಲೇ ಮಾಡ್ತೀರಾ?"

"ಇಲ್ಲೇ ಹುಟ್ಟಿದ್ದು, ಇಲ್ಲೇ ಕುಯ್ಯೋದು. ಬೇಕಾದ್ರೆ ಬೀದೀನೇ ಕೇಳಿ!"

ಮೇಡಂ ಸುತ್ತ ನೋಡಿದಳು. ಕ್ಷೌರದವನು ಬಾಗಿಲಲ್ಲಿ ನಿಂತಿದ್ದ. ಅವನಿಗೆ ತಗಡಣ್ಣ ಬೇಕಾದವನು, ಜೊತೆಗೆ ಒಂದು ತಮಾಷೆ ನಡೆಯುತ್ತಿದೆ ಎಂಬ ವಾಸನೆಯೂ ಹತ್ತಿತ್ತು. "ದಿನಾ ಇದ್ದದ್ದೇ ಮೇಡಂ," ಎಂದ. "ಈ ಸದ್ದಿಲ್ದಿದ್ರೆ ನಮಗೆ ನಿದ್ದೇನೇ ಬರಲ್ಲ!" ಅಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು, ತಲೆಯಾಡಿಸಿದರು.

ತಂಗಿ ಓಡಿ ಬಂದಳು. "ಸುಳ್ಳು ಮೇಡಂ, ಅವನು ಹಿತ್ತಿಲಲ್ಲಿ ಮಾಡೋದು. ಇವತ್ತು ಬೇಕಂತ ತಂದಿದಾನೆ. ಅಣ್ಣ, ನಿಲ್ಸೋ! ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸೋ!"

ತಗಡಣ್ಣ ಕಿವಿಗೆ ಕೈ ಹಿಡಿದು, ಏನು ಎಂಬಂತೆ ಮುಖ ಮಾಡಿದ. ಮತ್ತೆ ನಗು. ಆ ನಗುವಿನ ನಡುವೆ ಒಳಗಿನಿಂದ ಮಂಚ ಗೋಡೆಗೆ ಬಡಿಯುವ ಸದ್ದು ಶುರುವಾಯಿತು. ತಂಗಿ ಒಳಗೆ ಓಡಿದಳು.

ಮೇಡಂಗೆ ಅರ್ಥವಾಗದೇ ಇರಲಿಲ್ಲ. ಆದರೆ ಕಸುಬಿನ ಸದ್ದನ್ನು ಹಿನ್ನೆಲೆಯಲ್ಲೇ ಸೇರಿಸಬೇಕು ಎನ್ನುತ್ತದೆ ಕಾಯ್ದೆ; ಅಕ್ಕಪಕ್ಕದವರು ದಿನವೂ ಇದೆ ಎಂದ ಮೇಲೆ ಇಲ್ಲ ಎನ್ನಲು ಅವಳ ಬಳಿ ಏನೂ ಇರಲಿಲ್ಲ. ಇನ್ನೊಂದು ದಿನ ಹೇಳದೇ ಕೇಳದೇ ಬಂದು ಅಳೆಯಬಹುದಿತ್ತು. ಅವಳು ಅದಕ್ಕೆ ಮನಸ್ಸು ಮಾಡಲಿಲ್ಲ. ಕಿಟಕಿಯ ಬಳಿ ಹೋಗಿ, ಗಂಡನ ದವಡೆ ಬಿಡಿಸಲು ಒದ್ದಾಡುತ್ತಿದ್ದ ತಂಗಿಗೆ ಹೇಳಿದಳು.

"ಎರಡೇ ಡೆಸಿಬಲ್ ಅಂತರ ಬಂತಮ್ಮ. ಇದರಲ್ಲಿ ಏನೂ ಮಾಡೋಕಾಗಲ್ಲ. ಈ ಕೆಲಸ ಮುಗಿಯೋವರೆಗೂ ಇಲ್ಲಿಗೆ ಇದೇ ಹಿನ್ನೆಲೆ."

ಯಂತ್ರ ಮತ್ತೆ ಕುಟ್ಟತೊಡಗಿತು. ಬಂಡೆ ಮುಗಿಯುವ ಹಿಂದಿನ ದಿನ ಪೇಂಟರ್ ಮುಗಿದ. ತಂಗಿ ನೀರು ತರಲು ಹಿತ್ತಿಲಿಗೆ ಹೋಗಿದ್ದಳು. ಬಂದಾಗ ಅವನ ತಲೆ ಮಂಚದ ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಕೊಂಡಿತ್ತು.

ಶವ ಎತ್ತುವಾಗ ಎಲ್ಲರಿಗಿಂತ ಜೋರಾಗಿ ಅತ್ತವನು ತಗಡಣ್ಣ. ಹೆಗಲು ಕೊಟ್ಟವರಲ್ಲಿ ಮೊದಲಿಗನೂ ಅವನೇ. ಆ ಅಳು ಪೂರ್ತಿ ಸುಳ್ಳೂ ಅಲ್ಲ. ಸಾಯಲಿ ಎಂದು ಅವನು ಬಯಸಿರಲಿಲ್ಲ, ಹೋಗಲಿ ಎಂದಷ್ಟೇ ಬಯಸಿದ್ದು. ಆದರೆ ವಾರ ಕಳೆಯುವುದರೊಳಗೆ ಅವನು ಟೇಪು ಹಿಡಿದು ನಡುಗೋಡೆ ಅಳೆಯುತ್ತಿದ್ದುದನ್ನು ಹೆಂಡತಿ ನೋಡಿದಳು.

"ಪುಟ್ಟಿ, ಒಬ್ಬಳೇ ಇಲ್ಲಿ ಹೇಗಿರ್ತೀಯ?" ಎಂದ ತಂಗಿಗೆ. "ನಿನ್ನ ಅತ್ತೆ ಮನೆ ಕಡೆಯವರ ಹತ್ರ ಹೋಗು. ಮನೆ ವಿಷಯ ನಾನು ನೋಡ್ಕೋತೀನಿ."

"ಯೋಚಿಸ್ತೀನಿ ಅಣ್ಣ."

ಯೋಚಿಸಿದಳು. ಬಂಡೆ ಹೋದ ಕಡೆ ಗುಂಡಿಗೆ ನೀರು ಉಕ್ಕಿ ಬರುತ್ತಿತ್ತು. ಅದನ್ನು ಎತ್ತಿ ಹಾಕುವವರೆಗೆ ಪೈಪು ಇಳಿಸುವಂತಿಲ್ಲ. ಪಂಪು, ಜನರೇಟರ್ ಇಡಲು ಪೈಪ್‌ಲೈನಿನ ಸೂಪರ್‌ವೈಸರ್ ಜಾಗ ಹುಡುಕುತ್ತಿದ್ದಾನೆಂದು ತಂಗಿಗೆ ಗೊತ್ತಾಯಿತು. ಅವಳೇ ಅವನ ಬಳಿಗೆ ಹೋದಳು. ತನ್ನ ಮನೆ ಕೊಡುತ್ತೇನೆ, ಬಾಡಿಗೆ ಬೇಡ, ಆದರೆ ಎಲ್ಲಿಡಬೇಕೆಂದು ತಾನು ಹೇಳುತ್ತೇನೆ ಎಂದಳು. ಸೂಪರ್‌ವೈಸರ್‌ಗೆ ಇದಕ್ಕಿಂತ ಸುಖವೇನಿದೆ? ಪೇಂಟರ್ ಮಲಗುತ್ತಿದ್ದ ಕೋಣೆಯಲ್ಲಿ, ನಡುಗೋಡೆಗೆ ಒತ್ತಿ ಎರಡನ್ನೂ ಇಟ್ಟರು. ತಂಗಿ ಹಿತ್ತಿಲ ಕಡೆಯ ಅಡುಗೆಮನೆಗೆ ಹಾಸಿಗೆ ಎಳೆದುಕೊಂಡಳು.

ಗೋಡೆಯ ಈಚೆ ತಗಡಣ್ಣನ ಮಂಚ. ಹಗಲಿಲ್ಲ ಇರುಳಿಲ್ಲ, ಜನರೇಟರ್ ಹೊಡೆದುಕೊಳ್ಳುತ್ತಿತ್ತು. ತಟ್ಟೆಯಲ್ಲಿ ಸಾರು ನಡುಗುತ್ತಿತ್ತು. ಹಲ್ಲಿನ ಬುಡವೂ ಜುಮ್ಮೆನ್ನುತ್ತಿತ್ತು. ಒಂದು ವಾರ ನಿದ್ದೆಗೆಟ್ಟ ಹೆಂಡತಿ, ಕಣ್ಣು ಕೆಂಪಗೆ ಮಾಡಿಕೊಂಡು ನಾದಿನಿಯ ಬಾಗಿಲಿಗೆ ಹೋದಳು.

"ಅವರು ಮಾಡಿದ್ದು ಪಾಪ, ಒಪ್ಕೋತೀನಿ. ನಾನೇನು ಮಾಡಿದ್ದೆ? ನಿನಗೆ ಅನ್ನ ತಂದುಕೊಟ್ಟವಳಲ್ವಾ ನಾನು?"

"ತಂದ್ರಿ, ಅತ್ತಿಗೆ. ಅವತ್ತು ಮಷಿನ್ ಜಗಲಿಗೆ ಹೊತ್ಕೊಂಡು ಬಂದಾಗ ನೀವು ಎಲ್ಲಿದ್ರಿ?"

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಒಳಗೇ ಇದ್ರಿ. ನೋಡಿದ್ರಿ. ನನಗೊಂದು ಮಾತು ಹೇಳಿದ್ರೆ ಸಾಕಿತ್ತು. ಅನ್ನ ತರೋವಷ್ಟು ಧೈರ್ಯ ಇತ್ತು ನಿಮಗೆ, ಮಾತು ತರೋವಷ್ಟು ಇರಲಿಲ್ಲ." ತಂಗಿ ಬಾಗಿಲು ಹಾಕಿಕೊಂಡಳು.

ತಗಡಣ್ಣ ದೂರು ಕೊಟ್ಟ. ಮೇಡಂ ಬಂದಳು, ಅದೇ ಸ್ಟ್ಯಾಂಡು, ಅದೇ ಸ್ಪಂಜಿನ ಟೋಪಿ. ಅಳೆದಳು. ಹಳೆಯ ಅಂಕಿ ತೆಗೆದು ಪಕ್ಕಕ್ಕಿಟ್ಟುಕೊಂಡಳು.

"ಇಲ್ಲಿನ ಹಿನ್ನೆಲೆಗಿಂತ ಇದು ಕಡಿಮೇನೇ ಇದೆಯಲ್ಲ."

"ಯಾವ ಹಿನ್ನೆಲೆ ಮೇಡಂ? ನಾನು ಮಷಿನ್ ಮುಟ್ಟಿ ಹದಿನೈದು ದಿನ ಆಯ್ತು!"

"ನೀವೇ ಹೇಳಿದ್ರಿ, ದಿನಾ ಇರುತ್ತೆ ಅಂತ. ಬೀದಿಯವರೂ ಹೇಳಿದ್ರು. ಕೆಲಸ ಮುಗಿಯೋವರೆಗೂ ಅದೇ ಲೆಕ್ಕ."

"ರಾತ್ರಿ ನಾನು ತಗಡು ಕುಯ್ತೀನಾ? ರಾತ್ರಿ ಯಾಕೆ ಓಡ್ಬೇಕು ಅದು?"

"ನೀರೆತ್ತೋದು ಅಗತ್ಯ ಕೆಲಸ. ಅದಕ್ಕೆ ಹೊತ್ತಿನ ಕಟ್ಟು ಇಲ್ಲ." ಮೇಡಂ ಸ್ಟ್ಯಾಂಡ್ ಮಡಿಚಿದಳು.

ತಗಡಣ್ಣ ಬೀದಿಯ ಕಡೆ ತಿರುಗಿದ. "ಹೇಳ್ರೋ! ನಾನು ಹಿತ್ತಿಲಲ್ಲಿ ಮಾಡೋದು ಅಂತ ಒಬ್ಬನಾದ್ರೂ ಹೇಳ್ರೋ!"

ಕ್ಷೌರದವನು ಕತ್ತರಿ ಆಡಿಸುತ್ತಾ, "ಈ ಸದ್ದಿಲ್ದಿದ್ರೆ ನಮಗೆ ನಿದ್ದೇನೇ ಬರಲ್ಲ ಮೇಡಂ," ಎಂದ. ಬೀದಿ ಮತ್ತೆ ಗೊಳ್ಳೆಂದಿತು. ಯಾರ ಮೇಲಾದರೇನು, ತಮಾಷೆ ತಮಾಷೆಯೇ ಎಂಬಂತಿತ್ತು ಆ ನಗು.

ಹೆಂಡತಿ ತನ್ನ ಅಕ್ಕನ ಮನೆಗೆ ಹೋದಳು. "ನೀವೂ ಬನ್ನಿ," ಎಂದು ಕರೆದಳು. ನಾನು ಹೋದರೆ ಅವಳು ಗೆದ್ದ ಹಾಗೆ ಎಂದು ತಗಡಣ್ಣ ಹಟ ಹಿಡಿದ. ಜನರೇಟರ್ ಸದ್ದು ಮುಚ್ಚಲು ಕಟಿಂಗ್ ಮಷಿನ್ ಹಾಕಿಕೊಂಡು ಬೇಡದ ತಗಡನ್ನೆಲ್ಲ ಕುಯ್ದ. ಮನೆಯ ತುಂಬ ತಗಡಿನ ಚೂರು. ಎದುರಿಗೆ ನಿಂತು ಮಾತಾಡಿದವರಿಗೂ "ಆಂ? ಆಂ?" ಎನ್ನತೊಡಗಿದ. ಬೀದಿಯವರು ಅವನ "ಆಂ"ಅನ್ನು ಅಣಕಿಸಿ ನಗುತ್ತಿದ್ದರು.

ಹೆಂಡತಿಯನ್ನು ನೋಡಲು ಅವನು ಹೋಗಿದ್ದ ಒಂದು ಮಧ್ಯಾಹ್ನ ಲಾರಿ ಬಂತು. ಪೈಪು ಇಳಿದಾಗಿತ್ತು, ಗುಂಡಿ ಮುಚ್ಚಿಯಾಗಿತ್ತು. ಪಂಪು, ಜನರೇಟರ್ ಎರಡನ್ನೂ ಹೊತ್ತುಕೊಂಡು ಹೋದರು. ತಗಡಣ್ಣ ಮರಳಿ ಬಂದು ಮಂಚದ ಮೇಲೆ ಕೂತ. ತಲೆಯೊಳಗೆ ಅದೇ ಗುಂಯ್ ಎನ್ನುವ ಸದ್ದು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಹೋಗಿ ತಂಗಿಯ ಬಾಗಿಲು ಬಡಿದ.

"ಇನ್ನೂ ಎಷ್ಟು ದಿನವೇ? ಗುಂಡಿ ಮುಚ್ಚಿದಾರಲ್ಲ! ನಿಲ್ಸೋಕೆ ಹೇಳೇ!"

ತಂಗಿ ಬಾಗಿಲನ್ನು ಒಂದು ಗೇಣು ತೆರೆದಳು. ಅವಳ ಹಿಂದೆ ಖಾಲಿ ಕೋಣೆ, ನೆಲದ ಮೇಲೆ ಎಣ್ಣೆಯ ಕಲೆ. ಅಣ್ಣನ ಮುಖ ನೋಡಿದಳು, ಕಿವಿಗೆ ತುರುಕಿಕೊಂಡಿದ್ದ ಹತ್ತಿ ನೋಡಿದಳು. ಸದ್ದು ಅವನ ಕಿವಿಯೊಳಗೇ ಉಳಿದುಬಿಟ್ಟಿದೆ ಎಂದು ಅವಳಿಗೆ ಅರ್ಥವಾಯಿತು. ಕೋಣೆ ಅವನಿಗೆ ಕಾಣದಂತೆ ಅಡ್ಡ ನಿಂತಳು.

"ಓಡ್ತಿದೆ ಅಣ್ಣ," ಎಂದಳು ಜೋರಾಗಿ, ತುಟಿ ಬಿಡಿಸಿ. "ನಾಳೆ ನಿಲ್ಲಿಸ್ತಾರಂತೆ."

ಮರುದಿನ ಬಂದ. "ನಾಳೆ," ಎಂದಳು. ಅದರ ಮರುದಿನವೂ ಬಂದ. ಕ್ಷೌರದಂಗಡಿಗೆ ಹೋಗಿ ಕೇಳಿದ, ನಿಮಗೂ ಕೇಳಿಸ್ತಿದೆಯಲ್ವಾ ಎಂದು. ತಂಗಿ ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ. "ಕೇಳಿಸ್ದೆ ಏನಣ್ಣ, ಕಿವಿ ಕಿತ್ತೋಗ್ತಿದೆ!" ಎಂದ ಕ್ಷೌರದವನು, ಕುರ್ಚಿಯಲ್ಲಿದ್ದ ಗಿರಾಕಿಗೆ ಕಣ್ಣು ಹೊಡೆದು.

ಹೀಗೆ ಎಷ್ಟೋ ದಿನ ನಡೆಯಿತು. ಒಂದು ಬೆಳಿಗ್ಗೆ ತಗಡಣ್ಣ ಯಾಕೋ ನಡುಗೋಡೆಗೆ ಅಂಗೈ ಊರಿದ. ಗೋಡೆ ಅಲ್ಲಾಡುತ್ತಿರಲಿಲ್ಲ. ಹಣೆ ಒತ್ತಿ ನೋಡಿದ, ಕೆನ್ನೆ ಒತ್ತಿ ನೋಡಿದ. ತಣ್ಣಗೆ, ಸುಮ್ಮನೆ ಇತ್ತು ಗೋಡೆ. ಸದ್ದು ಮಾತ್ರ ಇತ್ತು. ತುಂಬ ಹೊತ್ತು ಹಾಗೇ ನಿಂತಿದ್ದ.

ಆಮೇಲೆ ಹೊರಗೆ ಬಂದು, ತಂಗಿಯ ಬಾಗಿಲು ಬಡಿದ. ಈ ಸಲ ಮೆಲ್ಲಗೆ.

"ಪುಟ್ಟಿ," ಎಂದ. "ಅದು ಓಡ್ತಿದೆ ತಾನೇ?"

ತಂಗಿ ಬಾಗಿಲು ಅಷ್ಟೇ ತೆರೆದಳು. ಅವನ ದನಿಯಲ್ಲಿ ಬೇಡುವಿಕೆ ಇದ್ದುದು ಅವಳಿಗೆ ತಿಳಿಯಿತು, ಹೌದು ಎನ್ನಲಿ ಎಂದೇ ಬೇಡುತ್ತಿದ್ದಾನೆಂಬುದೂ ತಿಳಿಯಿತು. ಅವಳು ಬಾಗಿಲನ್ನು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು, ಖಾಲಿ ಕೋಣೆಯ ಕಡೆ ಕೈ ತೋರಿಸಿದಳು.

"ಬಾ ಅಣ್ಣ," ಎಂದಳು. "ಒಳಗೆ ಬಂದು ನೀನೇ ನೋಡು."